ಮಲಗಿ ನುಂಗಿದ ನೀರು, ಕೂತು ನುಂಗಿದ ಮುದ್ದೆ: ಅನ್ನನಾಳದ ಪರೀಕ್ಷೆಯಲ್ಲಿ ಭಂಗಿಯ ಲೆಕ್ಕ

ತುಮಕೂರು–ಕುಣಿಗಲ್ ರಸ್ತೆಯಲ್ಲಿರುವ ಹೆಬ್ಬೂರು ರಾಗಿ, ತೆಂಗು, ಅಡಿಕೆಯ ಸೀಮೆ. ಇಲ್ಲಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಬಿಸಿ ಮುದ್ದೆಯ ಅಂಚಿನಿಂದ ತುತ್ತು ಮುರಿದು, ಬೆರಳಲ್ಲಿ ಹೊರಳಿಸಿ, ಬಸ್ಸಾರಿನಲ್ಲೋ ಹುರುಳಿಕಾಳಿನ ಸಾರಿನಲ್ಲೋ ಅದ್ದಿ ಬಾಯಿಗಿಟ್ಟರೆ ಹಲ್ಲಿಗೆ ಕೆಲಸವಿಲ್ಲ. ನಾಲಿಗೆ ಹಿಂದಕ್ಕೆ ತಳ್ಳುತ್ತದೆ, ಗಂಟಲು ಒಳಗೆಳೆದುಕೊಳ್ಳುತ್ತದೆ, ಉಳಿದ ಕೆಲಸವೆಲ್ಲ ಅನ್ನನಾಳದ್ದು. ಹಾಗಾಗಿ ಅನ್ನನಾಳದಲ್ಲಿ ತೊಡಕಾದರೆ ಈ ಕಡೆಯವರಿಗೆ ಮೊದಲ ಸುಳಿವು ಕೊಡುವುದು ಮುದ್ದೆಯೇ. ‘ಎದೆಯಲ್ಲೇ ನಿಂತ್ಕಂಡಂಗಾಗುತ್ತೆ, ಮೇಲೊಂದು ಲೋಟ ಮಜ್ಜಿಗೆ ಕುಡುದ್ರೆ ಇಳಿಯುತ್ತೆ’ ಎನ್ನುವ ಮಾತು ವೈದ್ಯರ ಮುಂದೆ ಬರುವುದು ಹೀಗೆ.

ಇದಕ್ಕೆ ಊರಿನವರು ಇಟ್ಟುಕೊಂಡಿರುವ ಹೆಸರು ಒಂದೇ: ಗ್ಯಾಸ್ಟ್ರಿಕ್. ಎದೆಯುರಿ, ಹುಳಿತೇಗು, ಎದೆಗೊತ್ತು, ತುತ್ತು ಸಿಕ್ಕಿಕೊಳ್ಳುವುದು ಎಲ್ಲಕ್ಕೂ ಅದೇ ಹೆಸರು, ಅದೇ ಮಾತ್ರೆ. ಮಾತ್ರೆಗೆ ಬಗ್ಗದಿದ್ದಾಗ ತುಮಕೂರಿನಲ್ಲಿ ಎಂಡೋಸ್ಕೋಪಿ. ಅದರಲ್ಲೂ ಏನೂ ಕಾಣದಿದ್ದರೆ ಸಾಮಾನ್ಯವಾಗಿ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಮ್ಯಾನೊಮೆಟ್ರಿ, ಅಂದರೆ ಅನ್ನನಾಳದೊಳಗಿನ ಒತ್ತಡದ ಅಳತೆ. ಅಲ್ಲಿ ರೋಗಿಯನ್ನು ಮಂಚದ ಮೇಲೆ ಅಂಗಾತ ಮಲಗಿಸಿ, ಒಂದು ಚಮಚದಷ್ಟು ನೀರು ಬಾಯಿಗೆ ಬಿಟ್ಟು, ‘ನುಂಗಿ’ ಎನ್ನುತ್ತಾರೆ.

ಮನೆಯಲ್ಲಿ ಅವರು ಊಟ ಮಾಡುವುದು ಚಕ್ಕಳಮಕ್ಕಳ ಹಾಕಿ ಕೂತು, ತಿನ್ನುವುದು ಮುದ್ದೆ. ಪರೀಕ್ಷೆಯಾಗುವುದು ಮಲಗಿ, ನುಂಗುವುದು ನೀರು. ಹಾಗಾದರೆ ಪರೀಕ್ಷೆ ಅಳೆದದ್ದು ಏನನ್ನು? ಮಲಗುವ, ಕೂರುವ, ಬಗ್ಗುವ ಭಂಗಿಗಳು ಫಲಿತಾಂಶವನ್ನು ಎಷ್ಟು ಬದಲಿಸುತ್ತವೆ? ನೂರು ವರ್ಷಕ್ಕೂ ಹಳೆಯದಾದ ಈ ಪ್ರಶ್ನೆಗೆ ಕಳೆದ ಕೆಲವು ವರ್ಷಗಳಲ್ಲಿ ಸ್ಪಷ್ಟವಾದ ಉತ್ತರಗಳು ಸಿಕ್ಕಿವೆ. ಅವನ್ನು ಒಂದೆಡೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ನುಂಗಿದ್ದು ಇಳಿಯುವ ಬಗೆ

ಅನ್ನನಾಳ ಸುಮಾರು 25 ಸೆಂ.ಮೀ. ಉದ್ದದ ಸ್ನಾಯುವಿನ ಕೊಳವೆ. ಮೇಲ್ಭಾಗದಲ್ಲಿರುವುದು ಕೈಕಾಲುಗಳಲ್ಲಿರುವ ಜಾತಿಯ ಪಟ್ಟೆಸ್ನಾಯು, ಕೆಳಗಿನದು ಕರುಳಿನಲ್ಲಿರುವಂಥ ನಯಸ್ನಾಯು. ನುಂಗಿದ ಕೂಡಲೇ ಮೇಲಿನಿಂದ ಕೆಳಕ್ಕೆ ಸಂಕೋಚನದ ಅಲೆಯೊಂದು ಸೆಕೆಂಡಿಗೆ 3–4 ಸೆಂ.ಮೀ. ವೇಗದಲ್ಲಿ ಸಾಗುತ್ತದೆ. ಅಲೆ ತಲುಪುವ ಮೊದಲೇ ಕೆಳತುದಿಯ ಬಿಗಿಸ್ನಾಯು ಸಡಿಲಗೊಂಡು ಜಠರದ ಬಾಗಿಲು ತೆರೆಯಬೇಕು, ತುತ್ತು ದಾಟಿದ ಮೇಲೆ ಮತ್ತೆ ಮುಚ್ಚಬೇಕು. ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯ ಕಾಲುಗಳೂ ಆ ಜಾಗವನ್ನು ಸುತ್ತುವರಿದು ಬಿಗಿಹಿಡಿದಿರುತ್ತವೆ.

ಕೂತಾಗ ಈ ಕೆಲಸಕ್ಕೆ ಗುರುತ್ವದ ನೆರವಿದೆ. ನೀರಾದರಂತೂ ಅಲೆಗೆ ಕಾಯದೆ ಅದಕ್ಕಿಂತ ಮುಂಚೆಯೇ ಕೆಳಗಿಳಿದಿರುತ್ತದೆ. ಮಲಗಿದಾಗ ಆ ನೆರವಿಲ್ಲ, ತುತ್ತನ್ನು ಅಲೆಯೇ ದೂಡಬೇಕು. ಎದುರು ತಡೆ ಹೆಚ್ಚಿದಷ್ಟೂ ಅನ್ನನಾಳ ಅದನ್ನು ಗ್ರಹಿಸಿ ಹೆಚ್ಚು ಬಲ ಹಾಕುತ್ತದೆ. ಗುರುತ್ವವೇ ಇಲ್ಲದ ಅಂತರಿಕ್ಷದಲ್ಲೂ ಗಗನಯಾತ್ರಿಗಳು ಊಟ ಮಾಡುತ್ತಾರೆ, ತಲೆಕೆಳಗಾಗಿ ನಿಂತವರೂ ನೀರು ನುಂಗಬಲ್ಲರು. ಗುರುತ್ವ ನೆರವಷ್ಟೇ, ಯಜಮಾನಿಕೆ ಸ್ನಾಯುವಿನದು.

1883ರಲ್ಲಿ ಕ್ರೋನೆಕರ್ ಮತ್ತು ಮೆಲ್ಟ್ಸರ್ ಎಂಬ ಶರೀರವಿಜ್ಞಾನಿಗಳು ಅನ್ನನಾಳದೊಳಗೆ ಪುಟ್ಟ ಬಲೂನುಗಳನ್ನು ಇಳಿಸಿ ನುಂಗುವಿಕೆಯನ್ನು ಅಳೆದರು. 1896ರ ಕೊನೆಯಲ್ಲಿ ಹಾರ್ವರ್ಡ್‌ನ ವೈದ್ಯವಿದ್ಯಾರ್ಥಿ ವಾಲ್ಟರ್ ಕ್ಯಾನನ್, ಆಗಷ್ಟೇ ಬಂದಿದ್ದ ಎಕ್ಸ್-ರೇ ಬಳಸಿ ಪ್ರಾಣಿಗಳು ನುಂಗುವುದನ್ನು ಕಣ್ಣಾರೆ ಕಾಣಲು ತೊಡಗಿದ. ದ್ರವ ಹೇಗೆ ಇಳಿಯುತ್ತದೆ, ಗಟ್ಟಿ ತುತ್ತು ಹೇಗೆ ಇಳಿಯುತ್ತದೆ ಎಂಬ ವಿಚಾರ ಆ ಹಳೆಯ ಕೆಲಸದಲ್ಲೇ ಇತ್ತು. ಇವತ್ತಿನ ಚರ್ಚೆಯ ಬೇರು ಅಲ್ಲಿದೆ.

ಮಲಗಿಸುವುದು ರೂಢಿಯಾದದ್ದು ಹೇಗೆ?

ಇದಕ್ಕೆ ಕಾರಣ ರೋಗಿಯ ಅನುಕೂಲವಲ್ಲ, ಯಂತ್ರದ ಇತಿಮಿತಿ. 1970ರ ದಶಕದಲ್ಲಿ ಜಾರಿಗೆ ಬಂದ ಮ್ಯಾನೊಮೆಟ್ರಿ ಉಪಕರಣಗಳಲ್ಲಿ ತೆಳ್ಳನೆಯ ನಳಿಕೆಗಳ ಮೂಲಕ ಸದಾ ಸಣ್ಣಗೆ ನೀರು ಹರಿಯುತ್ತಿತ್ತು. ಅನ್ನನಾಳ ಆ ನಳಿಕೆಯ ರಂಧ್ರವನ್ನು ಹಿಂಡಿದಾಗ ಒಳಗಿನ ನೀರಿಗೆ ಬೀಳುವ ಒತ್ತಡವನ್ನು ಹೊರಗಿನ ಮಾಪಕ ದಾಖಲಿಸುತ್ತಿತ್ತು. ಮನೆಯ ಮೇಲಿನ ಟ್ಯಾಂಕು ಎತ್ತರದಲ್ಲಿದ್ದಷ್ಟೂ ನಲ್ಲಿಯಲ್ಲಿ ನೀರಿನ ರಭಸ ಹೆಚ್ಚುವಂತೆ, ರಂಧ್ರ ಮಾಪಕಕ್ಕಿಂತ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಹೆಚ್ಚುವರಿ ಒತ್ತಡ ಲೆಕ್ಕಕ್ಕೆ ಸೇರಿಬಿಡುತ್ತದೆ.

1 ಸೆಂ.ಮೀ. ನೀರಿನ ಕಂಬವೆಂದರೆ ಸುಮಾರು 0.74 ಮಿ.ಮೀ. ಪಾದರಸದ ಒತ್ತಡ. ನೆಟ್ಟಗೆ ಕೂತವರ ಅನ್ನನಾಳದ ಮೇಲ್ತುದಿಗೂ ಕೆಳತುದಿಗೂ ಎತ್ತರದ ಅಂತರ 25 ಸೆಂ.ಮೀ. ಎಂದಿಟ್ಟುಕೊಂಡರೆ, ಎತ್ತರದ ಕಾರಣಕ್ಕೇ ಬರುವ ವ್ಯತ್ಯಾಸ 18 ಮಿ.ಮೀ. ದಾಟುತ್ತದೆ. ಮುಂದೆ ನೋಡಲಿರುವಂತೆ, ರೋಗವಿದೆ ಇಲ್ಲ ಎಂದು ನಿರ್ಧರಿಸುವ ಗಡಿಯೇ 15ರ ಆಸುಪಾಸಿನಲ್ಲಿದೆ. ರೋಗಿಯನ್ನು ಮಲಗಿಸಿದರೆ ಎಲ್ಲ ರಂಧ್ರಗಳೂ ಮಾಪಕಗಳೂ ಒಂದೇ ಮಟ್ಟಕ್ಕೆ ಬರುತ್ತವೆ, ತಕರಾರು ಮುಗಿಯುತ್ತದೆ. ಹೀಗೆ ಮಲಗಿಸುವುದು ನಿಯಮವಾಯಿತು. ಆರೋಗ್ಯವಂತರಿಂದ ಸಂಗ್ರಹಿಸಿದ ‘ಸಹಜ’ ಅಂಕಿಗಳೂ ಮಲಗಿದ ಭಂಗಿಯವೇ ಆದವು.

1990ರ ದಶಕದಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರೇ ಕ್ಲೌಸ್ ಮತ್ತು ಜೊತೆಗಾರರು ಹೈ ರೆಸಲ್ಯೂಶನ್ ಮ್ಯಾನೊಮೆಟ್ರಿಯನ್ನು ರೂಪಿಸಿದರು. ಒಂದೊಂದು ಸೆಂಟಿಮೀಟರಿಗೆ ಒಂದರಂತೆ 36 ಸಂವೇದಕಗಳನ್ನು ಪೋಣಿಸಿದ ನಳಿಕೆಗಳು ಬಂದವು. ಒತ್ತಡ ಬಣ್ಣದ ನಕ್ಷೆಯಾಗಿ ಪರದೆಯ ಮೇಲೆ ಮೂಡತೊಡಗಿತು. ಸಂವೇದಕ ನಳಿಕೆಯೊಳಗೇ ಇರುವುದರಿಂದ ನೀರಿನ ಕಂಬದ ತೊಂದರೆ ಇಲ್ಲ, ರೋಗಿಯನ್ನು ಕೂರಿಸಿಯೂ ಅಳೆಯಬಹುದು. ಆದರೆ ನಳಿಕೆ ದುಬಾರಿ. ನಮ್ಮ ದೇಶದ ಅನೇಕ ಕೇಂದ್ರಗಳಲ್ಲಿ ಈಗಲೂ ನೀರು ಹರಿಸುವ ಉಪಕರಣವೇ ಬಳಕೆಯಲ್ಲಿದೆ. ಅಂಥಲ್ಲಿ ಭಂಗಿ ಬದಲಿಸಿದ ಕೂಡಲೇ ಮಾಪಕದ ಮಟ್ಟವನ್ನೂ ಸರಿಪಡಿಸಿಕೊಳ್ಳಬೇಕು. ಇದು ಚಿಕ್ಕ ಕೆಲಸ, ಮರೆತರೆ ಮಾತ್ರ ತಪ್ಪು ದೊಡ್ಡದು.

ಎರಡು ಭಂಗಿ, ಎರಡು ಅಂಕಿ

ಪರೀಕ್ಷೆ ನಡೆಯುವ ಕೋಣೆಗೆ ಬರೋಣ. ಕನಿಷ್ಠ 4 ಗಂಟೆ ಏನೂ ತಿನ್ನದೆ ಬಂದ ರೋಗಿಯನ್ನು ಕೂರಿಸಿ, ಮೂಗಿಗೆ ಮರಗಟ್ಟಿಸುವ ಜೆಲ್ ಹಚ್ಚಿ, ಗುಟುಕು ಗುಟುಕಾಗಿ ನೀರು ಕುಡಿಸುತ್ತ ನಳಿಕೆಯನ್ನು ಜಠರದವರೆಗೆ ಇಳಿಸುತ್ತಾರೆ. ಕಣ್ಣಲ್ಲಿ ನೀರು ಬರುತ್ತದೆ, ಓಕರಿಕೆ ಬರುತ್ತದೆ, ಕೆಲವು ನಿಮಿಷಗಳಲ್ಲಿ ಹೊಂದಿಕೊಳ್ಳುತ್ತದೆ. ಆಮೇಲೆ ಮಲಗಿಸಿ, ಒಂದು ನಿಮಿಷ ಸುಧಾರಿಸಿಕೊಳ್ಳಲು ಬಿಟ್ಟು, ಮೂರು ಸಲ ದೀರ್ಘವಾಗಿ ಉಸಿರೆಳೆಸಿ ನಳಿಕೆ ವಪೆಯನ್ನು ದಾಟಿದೆಯೇ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಅರ್ಧ ಅರ್ಧ ನಿಮಿಷದ ಅಂತರದಲ್ಲಿ 5 ಮಿ.ಲೀ.ನಂತೆ ಹತ್ತು ಸಲ ನೀರು ನುಂಗಿಸುತ್ತಾರೆ.

ಹಿಂದೆ ಪರೀಕ್ಷೆ ಬಹುತೇಕ ಇಲ್ಲಿಗೇ ಮುಗಿಯುತ್ತಿತ್ತು. 2021ರಲ್ಲಿ ಪ್ರಕಟವಾದ ಷಿಕಾಗೊ ವರ್ಗೀಕರಣದ 4.0 ಆವೃತ್ತಿ ಇದನ್ನು ಬದಲಿಸಿತು. ಜಗತ್ತಿನಾದ್ಯಂತ ಅನ್ನನಾಳದ ಚಲನೆಯ ರೋಗಗಳನ್ನು ಗುರುತಿಸಲು ಬಳಸುವ ಕೈಪಿಡಿ ಇದು. ಅದರ ಪ್ರಕಾರ ಮಲಗಿ ಹತ್ತು ಗುಟುಕು, ಬಳಿಕ 2 ಮಿ.ಲೀ.ನಂತೆ ಬೆನ್ನುಬೆನ್ನಿಗೆ ಐದು ಗುಟುಕು, ಆಮೇಲೆ ರೋಗಿಯನ್ನು ಎಬ್ಬಿಸಿ ಕೂರಿಸಿ ಮತ್ತೆ ಒಂದು ನಿಮಿಷದ ವಿರಾಮ, ಕನಿಷ್ಠ ಐದು ಗುಟುಕು, ಕೊನೆಗೆ 200 ಮಿ.ಲೀ. ನೀರನ್ನು ಒಂದೇ ಉಸಿರಿಗೆ ಕುಡಿಸುವುದು. ಎರಡೂ ಭಂಗಿ ಈಗ ಒಂದೇ ಪರೀಕ್ಷೆಯ ಭಾಗ.

ಹೀಗೇಕೆ ಎಂಬುದು ಎರಡು ಅಂಕಿಗಳಿಂದ ತಿಳಿಯುತ್ತದೆ. ಮೊದಲನೆಯದು ಐಆರ್‌ಪಿ. ನುಂಗಿದಾಗ ಕೆಳಬಾಗಿಲು ಎಷ್ಟು ಸಡಿಲಾಯಿತು ಎಂಬುದರ ಅಳತೆ ಇದು. ಹೆಚ್ಚು ಬಳಕೆಯಲ್ಲಿರುವ ಒಂದು ಬಗೆಯ ಉಪಕರಣದಲ್ಲಿ ಇದರ ಮೇಲ್ಮಿತಿ ಮಲಗಿದಾಗ 15 ಮಿ.ಮೀ. ಪಾದರಸ, ಕೂತಾಗ 12. ಇನ್ನೊಂದು ಬಗೆಯದರಲ್ಲಿ ಮಲಗಿದಾಗ 22, ಕೂತಾಗ 15. ಅಂದರೆ ಆರೋಗ್ಯವಂತರಲ್ಲೂ ಕೂತಾಗ ಈ ಒತ್ತಡ ಇಳಿಯುತ್ತದೆ.

ರೋಗಿಯೊಬ್ಬರಿಗೆ ಮಲಗಿದಾಗ 18, ಕೂತಾಗ 9 ಬಂದಿತೆನ್ನಿ. ಮಲಗಿದ ಅಂಕಿಯೊಂದನ್ನೇ ಹಿಡಿದರೆ ಅವರ ಬಾಗಿಲು ತೆರೆಯುತ್ತಿಲ್ಲ, ಜಠರದ ಬಾಯಲ್ಲಿ ಅಡಚಣೆಯಿದೆ ಎಂದು ಬರೆಯಬೇಕು. ಕೂತಾಗ ಸರಿಹೋಯಿತೆಂದರೆ ಮಲಗಿದಾಗಿನ ಒತ್ತಡಕ್ಕೆ ಪಕ್ಕದ ರಕ್ತನಾಳವೋ ಹೊಟ್ಟೆಯ ಬೊಜ್ಜಿನ ಭಾರವೋ ನಳಿಕೆ ಬಾಗಿದ್ದೋ ಕಾರಣವಿರಬಹುದು. ಆದ್ದರಿಂದಲೇ 4.0 ಆವೃತ್ತಿ ಅಡಚಣೆಯೆಂಬ ತೀರ್ಮಾನಕ್ಕೆ ಎರಡೂ ಭಂಗಿಯಲ್ಲಿ ಐಆರ್‌ಪಿ ಏರಿರಬೇಕು, ರೋಗಿಗೆ ತಕ್ಕ ಲಕ್ಷಣಗಳಿರಬೇಕು, ಬೇರೊಂದು ಪರೀಕ್ಷೆಯ ಬೆಂಬಲವೂ ಬೇಕು ಎಂದು ಬಿಗಿ ಮಾಡಿದೆ. ಈ ಹಣೆಪಟ್ಟಿಯ ಹಿಂದೆಯೇ ಬಲೂನಿನಿಂದ ಹಿಗ್ಗಿಸುವುದು, ಸ್ನಾಯು ಕತ್ತರಿಸುವುದು ಎಂಬ ಚಿಕಿತ್ಸೆಗಳು ಬರುತ್ತವೆ. ಐದು ಗುಟುಕು ಕೂರಿಸಿ ನುಂಗಿಸಿದ್ದರೆ ತಪ್ಪುತ್ತಿದ್ದ ಶಸ್ತ್ರಚಿಕಿತ್ಸೆ ಯಾರ ಪಾಲಿಗೂ ಬರಬಾರದು.

ಎರಡನೆಯ ಅಂಕಿ ಡಿಸಿಐ, ಅಲೆಯ ಕಸುವಿನ ಅಳತೆ. ಮಲಗಿದಾಗ ಇದು 450ಕ್ಕಿಂತ ಕಡಿಮೆಯಾದರೆ ಆ ಗುಟುಕು ದುರ್ಬಲ, 100ಕ್ಕಿಂತ ಕಡಿಮೆಯಾದರೆ ವಿಫಲ. ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಗುಟುಕು ಹೀಗೆ ದುರ್ಬಲವೋ ವಿಫಲವೋ ಆಗಿ ನಿಷ್ಫಲವಾದರೆ, ಇಲ್ಲವೇ ಅರ್ಧದಷ್ಟು ಪೂರಾ ವಿಫಲವಾದರೆ ಅನ್ನನಾಳ ಸೋತಿದೆ ಎನ್ನುತ್ತಾರೆ. ಕೂತಾಗ ಆರೋಗ್ಯವಂತರಲ್ಲೂ ಡಿಸಿಐ ತಗ್ಗುತ್ತದೆ, ದುರ್ಬಲ ಗುಟುಕುಗಳ ಸಂಖ್ಯೆ ಹೆಚ್ಚುತ್ತದೆ. ನೀರು ತಾನಾಗಿ ಇಳಿಯುವಾಗ ಅಲೆ ಬಲ ಹಾಕಬೇಕಾಗಿಲ್ಲವಲ್ಲ. ಬೆನ್ನು ಬಾಗಿದ ಹಿರಿಯರು, ಮಲಗಿದರೆ ಉಸಿರು ಕಟ್ಟುವವರು ಕೂತೇ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ. ಅವರ ಅಂಕಿಯನ್ನು ಮಲಗಿದವರ ಅಳತೆಗೋಲಿನಲ್ಲಿ ತೂಗಿದರೆ ಗಟ್ಟಿ ಅನ್ನನಾಳಕ್ಕೂ ಸೋತ ಅನ್ನನಾಳವೆಂಬ ಹೆಸರು ಬರುತ್ತದೆ.

ಕೂರಿಸಿದಾಗಲೇ ಕಾಣಿಸುವ ರೋಗವೂ ಇದೆ. ಅಕಲೇಷಿಯಾ ಎಂಬ ಕಾಯಿಲೆಯಲ್ಲಿ ಕೆಳಬಾಗಿಲು ತೆರೆಯುವುದಿಲ್ಲ, ಅಲೆಯೂ ಸಾಗುವುದಿಲ್ಲ. ವರ್ಷಕ್ಕೆ ಲಕ್ಷಕ್ಕೆ ಒಬ್ಬರಂತೆ ಬರುವ ಅಪರೂಪದ ರೋಗ. ಇದು ಬಂದವರು ತಾವಾಗಿಯೇ ಭಂಗಿಯ ಉಪಾಯ ಕಂಡುಕೊಂಡಿರುತ್ತಾರೆ: ಊಟದ ನಡುವೆ ಎದ್ದು ನಿಲ್ಲುವುದು, ಎದೆ ಚಾಚುವುದು, ಕೈ ಮೇಲೆತ್ತುವುದು, ನೀರು ಕುಡಿದು ನೂಕುವುದು. ರಾತ್ರಿ ದಿಂಬಿನ ಮೇಲೆ ದಿಂಬಿಟ್ಟು ಮಲಗುತ್ತಾರೆ, ಉಂಡದ್ದು ಬಾಯಿಗೆ ಬಂದು ಕೆಮ್ಮಿ ಏಳುತ್ತಾರೆ. ಇವರಲ್ಲಿ ಕೆಲವರಿಗೆ ಮಲಗಿದಾಗಿನ ಐಆರ್‌ಪಿ ಗಡಿಯೊಳಗೇ ಇರುತ್ತದೆ. ಕೂರಿಸಿ 200 ಮಿ.ಲೀ. ನೀರು ಕುಡಿಸಿದಾಗ ಇಡೀ ಅನ್ನನಾಳದಲ್ಲಿ ಒತ್ತಡ ಒಟ್ಟಿಗೆ ಏರಿ ಗುಟ್ಟು ಬಯಲಾಗುತ್ತದೆ.

ಬೇರಿಯಂ ಚಿತ್ರದಲ್ಲಿ

ಬೇರಿಯಂ ಕುಡಿಸಿ ತೆಗೆಯುವ ಎಕ್ಸ್-ರೇ ಹಳೆಯ ಪರೀಕ್ಷೆಯಾದರೂ ಜಿಲ್ಲಾ ಮಟ್ಟದಲ್ಲಿ ಕೈಗೆಟಕುವಂಥದ್ದು. ಇಲ್ಲಿ ಭಂಗಿಯೇ ಪ್ರಶ್ನೆಯನ್ನು ನಿರ್ಧರಿಸುತ್ತದೆ. ಅಲೆ ಸರಿಯಾಗಿ ಸಾಗುತ್ತಿದೆಯೇ ಎಂದು ನೋಡಬೇಕಾದರೆ ರೋಗಿಯನ್ನು ಬೋರಲು ಮಲಗಿಸಿ, ಓರೆಯಾಗಿಸಿ, ಒಂದೊಂದೇ ಗುಟುಕು ನುಂಗಿಸಬೇಕು. ನಿಲ್ಲಿಸಿ ಕುಡಿಸಿದರೆ ಬೇರಿಯಂ ಗುರುತ್ವದಿಂದಲೇ ಜಾರಿ, ಸೋತ ಅಲೆಯೂ ಸರಿಯಾಗಿರುವಂತೆ ಕಾಣಿಸುತ್ತದೆ. ವಪೆಯ ಕಂಡಿಯಿಂದ ಜಠರದ ತುದಿ ಮೇಲೆ ಜಾರಿರುವುದೂ ಮಲಗಿಸಿದಾಗಲೇ ಹೆಚ್ಚು ಗೋಚರ.

ಬಾಗಿಲು ತೆರೆಯುತ್ತಿದೆಯೇ ಎಂದು ತಿಳಿಯಬೇಕಾದರೆ ರೋಗಿಯನ್ನು ನಿಲ್ಲಿಸಬೇಕು. ಬೇರಿಯಂ ಕುಡಿಸಿ 1, 2, 5 ನಿಮಿಷಗಳಲ್ಲಿ ಚಿತ್ರ ತೆಗೆದು ನಿಂತ ಬೇರಿಯಂ ಕಂಬದ ಎತ್ತರ ಅಳೆಯುವ ಪದ್ಧತಿಯಿದೆ. ಗುರುತ್ವದ ನೆರವಿದ್ದೂ 5 ನಿಮಿಷದ ಬಳಿಕ 2 ಸೆಂ.ಮೀ.ಗಿಂತ ಎತ್ತರದ ಕಂಬ ಉಳಿದಿದ್ದರೆ ಅಕಲೇಷಿಯಾದ ಅನುಮಾನ ಬಲವಾಗುತ್ತದೆ. ಚಿಕಿತ್ಸೆಯಾದ ಮೇಲೆ ಫಲ ಸಿಕ್ಕಿತೇ ಎಂದು ನೋಡಲೂ ಇದೇ ಅಳತೆ. ದುಬಾರಿ ಮ್ಯಾನೊಮೆಟ್ರಿ ಸಿಗದ ಊರಿನಲ್ಲಿ ಗಡಿಯಾರ ನೋಡಿ ತೆಗೆದ ಈ ಮೂರು ಚಿತ್ರಗಳು ಬಹಳಷ್ಟು ಹೇಳುತ್ತವೆ.

ಎದೆಯುರಿಯ ಹಗಲು ರಾತ್ರಿ

ಎದೆಯುರಿಯ ಹರವು ದೊಡ್ಡದು. ಇಂಡಿಯನ್ ಸೊಸೈಟಿ ಆಫ್ ಗ್ಯಾಸ್ಟ್ರೋಎಂಟರಾಲಜಿಯ ಕಾರ್ಯಪಡೆ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 7.6ರಷ್ಟು ಜನರಿಗೆ ವಾರಕ್ಕೊಮ್ಮೆಯಾದರೂ ಎದೆಯುರಿಯೋ ಹುಳಿನೀರೋ ಬರುತ್ತಿತ್ತು. ಔಷಧಕ್ಕೆ ಬಗ್ಗದವರಿಗೆ 24 ಗಂಟೆಯ ಆಮ್ಲ ಪರೀಕ್ಷೆ ಮಾಡುತ್ತಾರೆ. ಮೂಗಿನಿಂದ ಇಳಿಸಿದ ಸಪೂರ ತಂತಿಯ ಸಂವೇದಕ ಬಿಗಿಸ್ನಾಯುವಿನಿಂದ 5 ಸೆಂ.ಮೀ. ಮೇಲೆ ನಿಂತಿರುತ್ತದೆ, ಸೊಂಟದ ಪೆಟ್ಟಿಗೆ ದಾಖಲಿಸುತ್ತಿರುತ್ತದೆ.

ಭಂಗಿಯನ್ನು ಮೊದಲಿನಿಂದಲೂ ಗಂಭೀರವಾಗಿ ತೆಗೆದುಕೊಂಡ ಪರೀಕ್ಷೆ ಇದೇ. 1974ರಲ್ಲಿ ಜಾನ್ಸನ್ ಮತ್ತು ಡಿಮೀಸ್ಟರ್ ರೂಪಿಸಿದ ಅಂಕಪಟ್ಟಿಯ ಆರು ಅಂಶಗಳಲ್ಲಿ ಎರಡು ನೇರವಾಗಿ ಭಂಗಿಯವು. ಈಗ ಅದಕ್ಕೆ ಬಳಸುವ ಮಿತಿಗಳ ಪ್ರಕಾರ ಎದ್ದಿರುವಾಗ ಶೇ. 8.4ರಷ್ಟು ಹೊತ್ತು ಅನ್ನನಾಳದಲ್ಲಿ ಆಮ್ಲವಿದ್ದರೂ ಸಹಜ, ಮಲಗಿದಾಗ ಶೇ. 3.5ಕ್ಕೇ ಮಿತಿ. ಕಾರಣ ಸರಳ. ಊಟದ ಬಳಿಕ ಕೂತಿರುವಾಗ ತೇಗಿನೊಂದಿಗೆ ಬಾಗಿಲು ಆಗಾಗ ಸಡಿಲಗೊಂಡು ಆಮ್ಲ ಚಿಮ್ಮುವುದುಂಟು, ಆದರೆ ಗುರುತ್ವ, ಜೊಲ್ಲು, ನುಂಗುವಿಕೆ ಮೂರೂ ಸೇರಿ ಬೇಗ ತೊಳೆದುಬಿಡುತ್ತವೆ. ನಿದ್ದೆಯಲ್ಲಿ ಜೊಲ್ಲು ಬಹುತೇಕ ನಿಲ್ಲುತ್ತದೆ, ನುಂಗುವುದು ವಿರಳವಾಗುತ್ತದೆ. ಮೇಲೆ ಬಂದ ಆಮ್ಲ ಅಲ್ಲೇ ಕೂತು ಸುಡುತ್ತದೆ.

ಯಾವ ಮಗ್ಗುಲು ಎಂಬುದೂ ಮುಖ್ಯ. ಜಠರದ ದೊಡ್ಡ ಚೀಲ ಎಡಕ್ಕಿದೆ. ಎಡಮಗ್ಗುಲಾದರೆ ಆಮ್ಲದ ಕೊಳ ಅನ್ನನಾಳದ ಬಾಯಿಗಿಂತ ಕೆಳಗುಳಿಯುತ್ತದೆ, ಬಲಮಗ್ಗುಲಾದರೆ ಬಾಯಿಯೇ ಕೊಳದಲ್ಲಿ ಮುಳುಗುತ್ತದೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ನಿದ್ದೆಯ ಭಂಗಿ ಮತ್ತು ಆಮ್ಲ ಎರಡನ್ನೂ ಒಟ್ಟಿಗೆ ದಾಖಲಿಸಿ ನೋಡಿದಾಗ, ಎಡಮಗ್ಗುಲಲ್ಲಿ ಆಮ್ಲ ಬೇಗ ಇಳಿದುಹೋಗುವುದು ಸ್ಪಷ್ಟವಾಯಿತು. ಊಟದ ಮೇಲೆ ಎಡಮಗ್ಗುಲಾಗಿ ಒರಗುವ ವಾಮಕುಕ್ಷಿಯ ರೂಢಿ ನಮ್ಮ ಮನೆಗಳಲ್ಲಿ ಹಿಂದಿನಿಂದ ಬಂದದ್ದು. ಮಗ್ಗುಲಿನ ಮಟ್ಟಿಗೆ ಅದು ಸರಿ. ಎದೆಯುರಿ ಇರುವವರು ಉಂಡ ಕೂಡಲೇ ಒರಗುವುದು ಮಾತ್ರ ಸರಿಯಲ್ಲ, ರಾತ್ರಿಯಂತೂ ಊಟಕ್ಕೂ ಹಾಸಿಗೆಗೂ ಎರಡು ಮೂರು ಗಂಟೆಯ ಅಂತರವಿರಬೇಕು.

ಈ ಪರೀಕ್ಷೆಯ ಒಂದು ಕೊರತೆ ನಮ್ಮ ಸೀಮೆಯ ದುಡಿಮೆಗೆ ನೇರವಾಗಿ ತಾಗುತ್ತದೆ. ಪೆಟ್ಟಿಗೆಯಲ್ಲಿ ಭಂಗಿಗೆ ಇರುವ ಆಯ್ಕೆ ಎರಡೇ: ಎದ್ದಿದ್ದೇನೆ, ಮಲಗಿದ್ದೇನೆ. ಹೆಬ್ಬೂರು, ಗುಬ್ಬಿ, ಕುಣಿಗಲ್ ಕಡೆಯ ಹೆಣ್ಣುಮಕ್ಕಳು ರಾಗಿ ಹೊಲದಲ್ಲಿ ಕಳೆ ಕೀಳುವುದು, ತೋಟದಲ್ಲಿ ಅಡಿಕೆ ಆಯುವುದು, ಅಂಗಳ ಗುಡಿಸುವುದು ಸೊಂಟ ಬಗ್ಗಿಸಿ. ಬಗ್ಗಿದಾಗ ಹೊಟ್ಟೆಯ ಒತ್ತಡ ಏರಿ ಜಠರದಲ್ಲಿದ್ದದ್ದು ಮೇಲೆ ಬರಲು ದಾರಿಯಾಗುತ್ತದೆ. ಪೆಟ್ಟಿಗೆ ಅದನ್ನೂ ‘ಎದ್ದಿದ್ದಾಗ’ ಎಂದೇ ಬರೆದುಕೊಳ್ಳುತ್ತದೆ. ತಂತಿ ಹಾಕಿಸಿಕೊಂಡವರು ಬೆಂಗಳೂರಿನ ನೆಂಟರ ಮನೆಯಲ್ಲಿ ಕುರ್ಚಿಯ ಮೇಲೆ ದಿನ ಕಳೆದು, ಮುದ್ದೆ ಬಿಟ್ಟು ಇಡ್ಲಿ ತಿಂದು ಮರಳಿದರೆ ಹೊಲದಲ್ಲಿ ಸುಡುವ ಎದೆಯುರಿ ದಾಖಲೆಗೇ ಸಿಗುವುದಿಲ್ಲ. ಕೊಟ್ಟ ಡೈರಿಯಲ್ಲಿ ಊಟ, ನಿದ್ದೆ, ಉರಿ ಬಂದ ಹೊತ್ತಿನ ಜೊತೆ ಬಗ್ಗಿ ಕೆಲಸ ಮಾಡಿದ ಹೊತ್ತನ್ನೂ ಬರೆಯಬೇಕು. ಓದು ಬಾರದವರಿಗೆ ಮನೆಯ ಮಕ್ಕಳು ಬರೆದುಕೊಡಬಹುದು.

ಎಡಮಗ್ಗುಲ ಪರೀಕ್ಷೆಗಳು

ಎಂಡೋಸ್ಕೋಪಿಯನ್ನು ಎಡಮಗ್ಗುಲಾಗಿ ಮಲಗಿಸಿ ಮಾಡುತ್ತಾರೆ. ಜೊಲ್ಲು ಕೆನ್ನೆಗೆ ಹರಿದು ಹೊರಬರುತ್ತದೆ, ಶ್ವಾಸನಾಳಕ್ಕೆ ಇಳಿಯುವ ಅಪಾಯ ಕಡಿಮೆ. ಮಂಪರಿನಲ್ಲಿ ಬಲೂನು ಹಿಗ್ಗಿಸಿ ಬಾಗಿಲು ಎಷ್ಟು ಸಡಿಲಾಗುತ್ತದೆ ಎಂದು ಅಳೆಯುವ ಫ್ಲಿಪ್ ಎಂಬ ಹೊಸ ಪರೀಕ್ಷೆಗೂ ಇದೇ ಭಂಗಿ. ಅಲ್ಲಿ ನುಂಗುವ ಪ್ರಶ್ನೆಯೇ ಇಲ್ಲದ್ದರಿಂದ, ಮಲಗಿದ–ಕೂತ ಅಂಕಿಗಳು ಹೊಂದದಿದ್ದಾಗ ಇದು ಮೂರನೆಯ ಸಾಕ್ಷಿಯಾಗುತ್ತದೆ.

ಯಾವುದು ಸರಿ?

ಮಲಗಿಸುವ ಪಕ್ಷದ ವಾದ ಗಟ್ಟಿಯಾದದ್ದು. ಗುರುತ್ವವನ್ನು ಕಳೆದರೆ ಸ್ನಾಯುವಿನ ನಿಜವಾದ ಕಸುವು ತಿಳಿಯುತ್ತದೆ, ದಶಕಗಳ ಸಹಜ ಅಂಕಿಗಳೂ ಆ ಭಂಗಿಯವೇ. ಕೂರಿಸುವ ಪಕ್ಷದ ವಾದವೂ ಅಷ್ಟೇ ಗಟ್ಟಿ. ಮನುಷ್ಯರು ಕೂತು ಉಣ್ಣುತ್ತಾರೆ, ಅವರ ದೂರು ಹುಟ್ಟುವುದು ಅಲ್ಲಿ. ಎರಡೂ ಬೇಕು ಎನ್ನುವ 4.0 ಆವೃತ್ತಿಯ ನಿಲುವೇ ನನಗೆ ಸರಿಯೆನಿಸುತ್ತದೆ, ಏಕೆಂದರೆ ಎರಡು ಭಂಗಿಗಳು ಕೇಳುವ ಪ್ರಶ್ನೆಗಳು ಬೇರೆ ಬೇರೆ. ಅಲೆಯ ಬಲಕ್ಕೆ ಮಲಗಿದ ಅಂಕಿ, ಅಡಚಣೆಯ ಖಾತ್ರಿಗೆ ಕೂತ ಅಂಕಿ. ಭಂಗಿ ಬರೆಯದ ವರದಿ ಅರ್ಧ ವರದಿ.

ಇನ್ನೊಂದು ಹೆಜ್ಜೆಯನ್ನು ಕರ್ನಾಟಕದ ವೈದ್ಯಕೀಯ ಕಾಲೇಜುಗಳೇ ಇಡಬೇಕು. ಪಶ್ಚಿಮದ ಪ್ರಯೋಗಾಲಯಗಳಲ್ಲಿ ಕೂರಿಸಿ ಗಟ್ಟಿ ತುತ್ತು ನುಂಗಿಸುವಾಗ ಬ್ರೆಡ್, ಮಾರ್ಷ್‌ಮ್ಯಾಲೊ, ಮೆತ್ತಗೆ ಬೇಯಿಸಿದ ಅನ್ನ ಬಳಸುತ್ತಾರೆ. ಅಗಿಯದೆ ನುಂಗುವ ರಾಗಿಮುದ್ದೆ ಅವುಗಳಿಗಿಂತ ಬೇರೆಯೇ ಜಾತಿಯದು. ಅಳತೆ ಮಾಡಿದ ಚಿಕ್ಕ ಮುದ್ದೆಯ ತುತ್ತಿಗೆ ಆರೋಗ್ಯವಂತ ಅನ್ನನಾಳ ಹೇಗೆ ಸ್ಪಂದಿಸುತ್ತದೆ ಎಂಬ ನಮ್ಮದೇ ಅಂಕಿಗಳಿದ್ದರೆ, ‘ನೀರು ಇಳಿಯುತ್ತೆ, ಮುದ್ದೆ ಇಳಿಯಲ್ಲ’ ಎನ್ನುವವರಿಗೆ ನೇರ ಉತ್ತರ ಕೊಡಬಹುದು. ತುತ್ತು ಸಿಕ್ಕಿಕೊಳ್ಳುವ ಅಪಾಯ ಇರುವುದರಿಂದ ಇದು ವೈದ್ಯರ ಕಣ್ಣೆದುರೇ ಆಗಬೇಕಾದ ಕೆಲಸ.

ಓದುಗರಿಗೆ ಹೇಳಬೇಕಾದದ್ದು ಇಷ್ಟು. ನುಂಗುವುದು ಕಷ್ಟವಾಗುತ್ತಿದ್ದರೆ, ಅದರಲ್ಲೂ ಮೊದಲು ಮುದ್ದೆ, ಆಮೇಲೆ ಅನ್ನ, ಆಮೇಲೆ ಗಂಜಿ ಎಂದು ದಿನದಿನಕ್ಕೆ ಹೆಚ್ಚುತ್ತಿದ್ದರೆ, ಮೈತೂಕ ಇಳಿಯುತ್ತಿದ್ದರೆ, ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತ ಕಾಲ ಕಳೆಯಬೇಡಿ. ಅನ್ನನಾಳದ ಕ್ಯಾನ್ಸರ್ ನಮ್ಮ ರಾಜ್ಯಕ್ಕೆ ಅಪರಿಚಿತವಲ್ಲ, ಅದನ್ನು ಅಲ್ಲಗಳೆಯಲು ಎಂಡೋಸ್ಕೋಪಿಯೇ ಮೊದಲು. ವೈದ್ಯರಿಗೆ ತೊಂದರೆ ಹೇಳುವಾಗ ಕೂತಾಗಲೋ, ಮಲಗಿದಾಗಲೋ, ಬಗ್ಗಿದಾಗಲೋ ಎಂಬುದನ್ನು ಸೇರಿಸಿ ಹೇಳಿ. ಮ್ಯಾನೊಮೆಟ್ರಿ ಮಾಡಿಸಿದ್ದರೆ ವರದಿ ಕೈಗೆ ಬಂದಾಗ ಒಂದು ಮಾತು ಕೇಳಿ: ‘ಡಾಕ್ಟ್ರೇ, ಇದು ಮಲಗಿಸಿ ಅಳೆದದ್ದೋ, ಕೂರಿಸಿಯೂ ಅಳೆದದ್ದೋ?’ ಮಲಗಿಸಿ ಮಾತ್ರ ಅಳೆದು ಅಡಚಣೆ ಎಂದು ಬರೆದಿದ್ದರೆ, ಯಾವ ಚಿಕಿತ್ಸೆಗೂ ಒಪ್ಪುವ ಮೊದಲು ಕೂರಿಸಿ ಮತ್ತೊಮ್ಮೆ ಅಳೆಯಿರಿ ಎಂದು ಕೇಳುವ ಹಕ್ಕು ನಿಮಗಿದೆ.